ಅಂಚು ಹೊಲಿದ ಚೀಲ

ಚೀಲವನ್ನು ದುರಗವ್ವ ಮೂರು ನೀರಿನಲ್ಲಿ ಒಗೆದಳು. ಮೊದಲನೇ ನೀರು ಕೆಂಪಗೆ ಬಂತು. ಎರಡನೆಯದು ಕಂದು. ಮೂರನೆಯದು ತಿಳಿಯಾಗುವ ತನಕ ಬಂಡೆಗೆ ಬಡಿದಳು. ಮೆಣಸಿನಕಾಯಿ ತುಂಬಿದ್ದ ಗೋಣಿಚೀಲ ಅದು. ಮನೆಯಲ್ಲಿ ಬೇರೆ ಚೀಲ ಇರಲಿಲ್ಲ. ಎರಡು ದಿನ ಬಿಸಿಲಿಗೆ ಹಾಕಿ, ಒಣಗಿದ ಮೇಲೆ ಮೂಗಿಗೆ ಹಿಡಿದು ನೋಡಿದಳು. ತನ್ನ ಮೂಗಿನ ಮೇಲೆ ಅವಳಿಗೆ ನಂಬಿಕೆ ಇರಲಿಲ್ಲ. ಅತ್ತೆಯ ಮೂಗಿಗೂ ಹಿಡಿದಳು.

“ಘಾಟ ಐತೇನ್ ನೋಡಬೇ ಅತ್ತಿ.”

“ಈ ಮೂಗು ಸತ್ತು ಹತ್ತು ವರ್ಷ ಆತು. ಇದನ್ನೇನ್ ಕೇಳ್ತಿ,” ಅಂದಳು ಫಕ್ಕೀರವ್ವ. ಪ್ರಾಯದಲ್ಲಿ ಅವಳೂ ಈಗ ಸೊಸೆ ಕೂರುವ ಊರ ಗೌಡರ ಕಣದಲ್ಲೇ ಮೆಣಸಿನಕಾಯಿ ರಾಶಿಯ ಮುಂದೆ ಕೂತವಳು.

ಚೀಲವನ್ನು ನಾಲ್ಕು ಮಡಿಕೆ ಮಾಡಿ, ಎಂಟು ವರ್ಷದ ಹುಡುಗಿ ಕಾಲು ಮಡಚಿ ಕೂರುವಷ್ಟು ಅಗಲಕ್ಕೆ ತಂದಳು. ಗೋಣಿಯ ಅಂಚು ತೊಡೆಗೆ ಚುಚ್ಚುತ್ತದೆ. ಪೆಟ್ಟಿಗೆಯಲ್ಲಿ ತನ್ನ ಮದುವೆಯ ಬೆಟಗೇರಿ ಸೀರೆ ಇತ್ತು. ಮೈ ಹರಿದು ಹೋಗಿತ್ತು, ಅಂಚು ಮಾತ್ರ ಗಟ್ಟಿಯಿತ್ತು. ಹಸಿರು ಅಂಚು. ಅದನ್ನು ಕತ್ತರಿಸಿ ಚೀಲದ ನಾಲ್ಕೂ ಬದಿಗೆ ಹೊಲಿದಳು. ಬೆರಳು ಉರಿಯುತ್ತಿದ್ದವು. ಸೂಜಿ ಜಾರುತ್ತಿತ್ತು. ಆದರೂ ಒಂದು ಮೂಲೆಗೆ ಕೆಂಪು ದಾರದಲ್ಲಿ ಐದು ಎಸಳಿನ ಹೂವು ಹಾಕಿದಳು.

ಮಗಳು ನೀಲಾ ಶಾಲೆಯಲ್ಲಿ ಅದರ ಮೇಲೆ ಕೂರಬೇಕಿತ್ತು. ಮೂರನೇ ಇಯತ್ತೆಯ ಉಳಿದ ಮಕ್ಕಳೆಲ್ಲ ಜಮಖಾನೆಯ ಮೇಲೆ, ಸಾಲಾಗಿ. ನೀಲಾ ಒಬ್ಬಳೇ ಬಾಗಿಲ ಹತ್ತಿರ, ಚೀಲದ ಮೇಲೆ. ಕಲಿಸುವ ಶಿವಲಕ್ಷ್ಮಿ ಅಕ್ಕೋರು ಹಾಗೆ ಹೇಳಿದ್ದರು.

ಜನವರಿಯ ಒಂದು ಮುಂಜಾನೆ ಅಕ್ಕೋರು ದುರಗವ್ವನನ್ನು ಶಾಲೆಯ ಗೇಟಿನ ಹೊರಗೇ ನಿಲ್ಲಿಸಿ ಮಾತಾಡಿದ್ದರು. ಬೈದಿರಲಿಲ್ಲ. ಮೆಲ್ಲಗೇ ಹೇಳಿದ್ದರು.

“ತಪ್ಪು ತಿಳ್ಕೋಬ್ಯಾಡ ದುರಗವ್ವ. ನಿಮ್ಮ ನೀಲಾ ಬಂದು ಕುಂತ್ಲಂದ್ರ ಉಳದ ಹುಡುಗ್ರು ಸೀನಾಕ ಹತ್ತತಾವ. ನೀ ಮೆಣಸಿನಕಾಯಿ ಕೆಲಸದಾಗ ಇರ್ತಿ. ಅದ ಕೈಲೆ ಅಕೀನ್ನ ಎತ್ತಿ ಆಡಸ್ತಿ, ತಲಿ ಬಾಚ್ತಿ. ಅಕಿ ಮೈಯೆಲ್ಲಾ ಘಾಟು.”

“ಹೌದೇನ್ರಿ,” ಅಂದಳು ದುರಗವ್ವ. ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

“ಸುಗ್ಗಿ ಮುಗಿಯೂತನಕ ಬಾಗಲಾ ಹತ್ರ ಕುಂದ್ರಲಿ. ಗಾಳಿ ಆಡತೈತಿ. ಬರೀ ನೆಲಾ ತಣ್ಣಗಿರತೈತಿ ನೋಡು, ಒಂದ ಚೀಲಾ ಕಳಸು.”

“ಕಳಸ್ತೀನ್ರಿ ಅಕ್ಕೋರ. ನನ್ನ ಕೂಸಿನಿಂದ ಹುಡುಗ್ರಿಗೆ ತ್ರಾಸ ಆಗಬಾರದ್ರಿ.”

ಈ ಮಾತು ಆಡಿದ್ದು ತಾನೇ. ಮುಂದೆ ಅದು ಅವಳನ್ನು ಬಹಳ ದಿನ ತಿಂದಿತು.

ಅಕ್ಕೋರನ್ನು ಅವಳು ಕೂಡಲೇ ನಂಬಿದ್ದಕ್ಕೆ ಕಾರಣವಿತ್ತು. ಆ ಕಡೆ ಮೆಣಸಿನಕಾಯಿಯ ತೊಟ್ಟನ್ನು ತುಂಬು ಅನ್ನುತ್ತಾರೆ. ಒಂದೊಂದೇ ಕಾಯಿ ಹಿಡಿದು ತುಂಬು ಚಿವುಟಿ ತೆಗೆಯುವುದು ಹೆಂಗಸರ ಕೆಲಸ. ಮೂಗಿಗೆ ಸೆರಗು ಕಟ್ಟಿಕೊಂಡು ಮುಂಜಾನೆ ರಾಶಿಯ ಮುಂದೆ ಕೂತರೆ ಹೊತ್ತು ಇಳಿಯುವ ತನಕ ಏಳುವ ಹಾಗಿಲ್ಲ. ಖಾರ ಉಗುರಿನ ಸಂದಿಗೆ ಇಳಿಯುತ್ತದೆ. ಶೇಂಗಾ ಎಣ್ಣೆ ಹಚ್ಚಿಕೊಂಡು ಕೂತರೂ ಇಳಿಯುತ್ತದೆ. ಮಜ್ಜಿಗೆಯಲ್ಲಿ ಕೈ ಅದ್ದಿಟ್ಟರೂ ಹೋಗುವುದಿಲ್ಲ. ರೊಟ್ಟಿ ಬಡಿಯುವಾಗ ಒಲೆಯ ಬಿಸಿ ತಾಗಿದರೆ ಮತ್ತೆ ಏಳುತ್ತದೆ. ಬಚ್ಚಲಿಗೆ ಹೋದರೂ ಉರಿ. ಮುಟ್ಟಾದ ದಿನಗಳಲ್ಲಂತೂ ಕೇಳುವುದೇ ಬೇಡ.

ನೀಲಾ ಆರು ತಿಂಗಳ ಕೂಸಾಗಿದ್ದಾಗ ಒಂದು ಸಂಜೆ ಕಣದಿಂದ ಬಂದ ದುರಗವ್ವ ಎರಡು ಸಲ ಸೋಪು ಹಚ್ಚಿ ಕೈ ತೊಳೆದು, ಕೂಸಿನ ಕಣ್ಣಿಗೆ ಕಾಡಿಗೆ ಹಚ್ಚಿದಳು. ಕೂಸು ಕಿರುಚಿದ್ದು ಮಾದರ ಓಣಿಯ ಆ ತುದಿಗೆ ಕೇಳಿತು. ಕಣ್ಣು ಮುಚ್ಚಿದ್ದು ತೆರೆಯಲೇ ಇಲ್ಲ. ಲಕ್ಷ್ಮೇಶ್ವರದ ದವಾಖಾನೆಗೆ ಎತ್ತಿಕೊಂಡು ಓಡಿದರು. ಕಣ್ಣಿಗೆ ಏನೂ ಆಗಲಿಲ್ಲ. ಆದರೆ ಡಾಕ್ಟರು ಅವಳ ಕೈ ಹಿಡಿದು ತಿರುಗಿಸಿ ನೋಡಿ, “ತಾಯಿ ಆಗಿ ಇದ ಕೈಲೆ ಹಚ್ಚೀಯೇನು,” ಅಂದಿದ್ದರು. ಅವತ್ತಿನಿಂದ ತನ್ನ ಕೈ ಅಂದರೆ ಅವಳಿಗೇ ಹೆದರಿಕೆ. ಅಕ್ಕೋರು ಘಾಟು ಅಂದ ಕೂಡಲೇ ಆ ಕಿರುಚಾಟ ಕಿವಿಯಲ್ಲಿ ಬಂತು.

ಹೀಗಾಗಿ ದುರಗವ್ವ ಮಗಳನ್ನು ಮುಟ್ಟುವುದನ್ನು ಬಿಟ್ಟಳು.

ಕಣದಿಂದ ಬಂದರೆ ಹೊರಗೇ ಸೀರೆ ಬದಲಿಸುತ್ತಿದ್ದಳು. ಆ ಸೀರೆಯನ್ನು ಬೇಲಿಗೆ ಹಾಕುತ್ತಿದ್ದಳು, ಒಳಗೆ ತರುತ್ತಿರಲಿಲ್ಲ. ನೀಲಾಳ ಅಂಗಿ, ಪಾಟಿಚೀಲ ಬೇರೆ ಗೂಟಕ್ಕೆ. ಮೊದಲು ತಾಯಿ ಮಗಳು ಒಂದೇ ಕೌದಿಯಲ್ಲಿ ಮಲಗುತ್ತಿದ್ದರು. ಈಗ ನೀಲಾ ಆಯಿ ಫಕ್ಕೀರವ್ವನ ಬಗಲಿಗೆ. “ಅವ್ವಾ” ಅಂತ ಓಡಿ ಬಂದರೆ ದುರಗವ್ವ ಎರಡು ಹೆಜ್ಜೆ ಹಿಂದೆ ಸರಿದು, ಎರಡೂ ಕೈ ಮೇಲೆ ಎತ್ತಿ ನಿಲ್ಲುತ್ತಿದ್ದಳು.

“ದೂರ ನಿಂದ್ರು. ನನ್ನ ಮುಟ್ಟಬ್ಯಾಡ.”

ಮೊದಮೊದಲು ನೀಲಾ ಅಳುತ್ತಿದ್ದಳು. ಆಮೇಲೆ ತಾನೇ ದೂರ ನಿಲ್ಲುವುದನ್ನು ಕಲಿತಳು.

ತಲೆ ಬಾಚುವ ಕೆಲಸ ಫಕ್ಕೀರವ್ವನಿಗೆ ಬಿತ್ತು. ಮುದುಕಿಯ ಕೈ ನಡುಗುತ್ತಿತ್ತು, ಕಣ್ಣು ಮಂಜು. ಬೈತಲೆ ಹಾವಿನಂತೆ ಹರಿಯುತ್ತಿತ್ತು. ಒಂದು ಜಡೆ ಕಿವಿಯ ಮೇಲೆ, ಇನ್ನೊಂದು ಕುತ್ತಿಗೆಯ ಮೇಲೆ. ಮಗಳು ಹಾಗೇ ಶಾಲೆಗೆ ಹೋಗುವುದನ್ನು ದುರಗವ್ವ ನೋಡುತ್ತಿದ್ದಳು. ಬೆರಳು ತುರಿಸುತ್ತಿದ್ದವು.  ಗಂಡ ತಿರಕಪ್ಪ ಗದಗದ ಮಾರುಕಟ್ಟೆಯಲ್ಲಿ ಹಮಾಲಿ ಮಾಡುತ್ತಿದ್ದ. ಐತವಾರ ರಜೆಗೆ ಬಂದವನು ಮಗಳ ಜಡೆ ನೋಡಿ ನಗುತ್ತಿದ್ದ. “ಇದೇನ್ಲೇ, ಒಂದು ಜಡಿ ಶಿರಹಟ್ಟಿಗೆ ಹೊಂಟೈತಿ, ಇನ್ನೊಂದು ಮುಂಡರಗಿಗೆ.” ನೀಲಾಳೂ ನಗುತ್ತಿದ್ದಳು. ವಾರದಲ್ಲಿ ಅವಳು ನಗುತ್ತಿದ್ದದ್ದು ಅಷ್ಟೇ.

ಒಂದು ದಿನ ನೀಲಾ ಅಂಗಳದಲ್ಲಿ ಕಣ್ಣು ಮುಚ್ಚಿ ಕೂತು ಹೇಳಿದಳು.

“ಆಯೀ, ನಾ ಬರೇ ಚಪ್ಲಿ ಸಪ್ಪಳದ ಮ್ಯಾಲ ಯಾರ ಬಂದ್ರು ಹೇಳ್ತೀನಿ. ಹೆಡ್ ಮಾಸ್ತರದು ಚಟ್ ಚಟ್. ಅಕ್ಕೋರದು ಟಕ್ ಟಕ್. ಸುಭಾಸಂದು ಒಂದ ಕಾಲು ಎಳೀತೈತಿ, ಉಂಗುಷ್ಟ ಹರದೈತಿ ಅವಂದು.”

“ಭಾಳ ಶಾಣ್ಯಾ ಆಗೀ ಬಿಡು,” ಅಂದಳು ಆಯಿ. “ಸಾಲ್ಯಾಗ ಇದನ್ನ ಕಲಸ್ತಾರೇನು?”

ದುರಗವ್ವನೂ ನಕ್ಕಳು. ಬಾಗಿಲ ಹತ್ತಿರದ ಜಾಗ ಅಂದರೆ ಚಪ್ಪಲಿ ಬಿಡುವ ಜಾಗ ಅನ್ನುವುದು ಅವಳಿಗೆ ಅವತ್ತು ಹೊಳೆಯಲಿಲ್ಲ.

ಇನ್ನೊಂದು ದಿನ ರೊಟ್ಟಿ ಬಡಿಯುವಾಗ ಹೊರಗಿನ ಕಟ್ಟೆಯ ಮಾತು ಕೇಳಿಸಿತು. ನೀಲಾ ಮೆಲ್ಲಗೆ ಕೇಳುತ್ತಿದ್ದಳು.

“ಆಯೀ, ಅವ್ವಗೂ ನಾನು ಮೈಲಿಗಿ ಆದ್ನೇನು?”

ಮುದುಕಿ ಏನು ಹೇಳಿದಳೋ ಕೇಳಿಸಲಿಲ್ಲ. ದುರಗವ್ವನ ಕೈಯಲ್ಲಿದ್ದ ರೊಟ್ಟಿ ಹರಿಯಿತು. ಎದ್ದು ಹೋಗಿ ಹುಡುಗಿಯನ್ನು ಎದೆಗೆ ಒತ್ತಿಕೊಳ್ಳಬೇಕೆನಿಸಿತು. ಕೈ ನೋಡಿಕೊಂಡಳು. ಬೆರಳ ತುದಿಗಳು ಕೆಂಪಗೆ ಉಬ್ಬಿದ್ದವು. ಸುಗ್ಗಿ ಮುಗಿಯಲಿ, ಆಮೇಲೆ ತಿಳಿಸಿ ಹೇಳೋಣ ಅಂದುಕೊಂಡು ಹರಿದ ರೊಟ್ಟಿಯನ್ನು ಮತ್ತೆ ಹಿಟ್ಟಿಗೆ ಸೇರಿಸಿ ನಾದಿದಳು.

“ಅವ್ವಗೂ” ಅಂದಿದ್ದಳು ಹುಡುಗಿ. ಅಂದರೆ ಮೊದಲು ಇನ್ನಾರಿಗೋ ಆಗಿದ್ದಳು. ಅದನ್ನೂ ದುರಗವ್ವ ಅವತ್ತು ಕೇಳಿಸಿಕೊಳ್ಳಲಿಲ್ಲ.

ಕಣದಲ್ಲಿ ಅವಳ ಬಾಜೂಕೆ ಕೂರುತ್ತಿದ್ದವಳು ರೇಣುಕವ್ವ. ಮೇಲಿನ ಓಣಿಯವಳು. ಗಂಡ ಸತ್ತಿದ್ದ, ಹೊಲ ಮೈದುನರ ಪಾಲಾಗಿತ್ತು, ಕೂಲಿಗೆ ಬರುತ್ತಿದ್ದಳು. ಇಬ್ಬರೂ ಒಂದೇ ರಾಶಿಗೆ ಕೈ ಹಾಕುತ್ತಿದ್ದರು. ಕೆಮ್ಮು ಬಂದರೆ ಇಬ್ಬರಿಗೂ ಒಟ್ಟಿಗೇ ಬರುತ್ತಿತ್ತು. ನೀರಡಿಸಿದರೆ ಮಾತ್ರ ರೇಣುಕವ್ವ ಕೊಡದಿಂದ ತಂಬಿಗೆಯಲ್ಲಿ ಎತ್ತಿ ಮೇಲಿನಿಂದ ಹೊಯ್ಯುತ್ತಿದ್ದಳು, ದುರಗವ್ವ ಬೊಗಸೆ ಒಡ್ಡುತ್ತಿದ್ದಳು. ಇಬ್ಬರ ಹೆಣ್ಣುಮಕ್ಕಳೂ ಒಂದೇ ಇಯತ್ತೆ. ರೇಣುಕವ್ವನ ಮಗಳು ಮಮತಾ.

“ಘಾಟ ಅಂತ ನಮ್ಮ ನೀಲಾನ್ನ ಬಾಗಲಾ ಹತ್ರ ಕುಂದ್ರಿಸ್ಯಾರ ಯಕ್ಕಾ,” ಅಂತ ದುರಗವ್ವ ಒಮ್ಮೆ ಹೇಳಿದ್ದಳು. “ನಿಮ್ಮ ಮಮತಾನ್ನೂ ಹಂಗ ಮಾಡ್ಯಾರೇನು?”

ರೇಣುಕವ್ವ ಒಂದು ಕಾಯಿಯ ತುಂಬು ಬಿಡಿಸಿದಳು. ಇನ್ನೊಂದು ಕಾಯಿಯ ತುಂಬು ಬಿಡಿಸಿದಳು.

“ಅಕಿ ಏನೂ ಹೇಳಿಲ್ಲವಾ,” ಅಂದಳು.

ಸುಗ್ಗಿ ಮುಗಿಯಿತು. ಬೇಸಿಗೆ ಹೋಯಿತು. ಕಣ ಖಾಲಿಯಾಯಿತು. ದುರಗವ್ವನ ಕೈಯ ಹಳೆ ಚರ್ಮ ಸುಲಿದು ಹೊಸದು ಬಂತು. ಜೂನಿನಲ್ಲಿ ಶಾಲೆ ಶುರುವಾದಾಗ ನೀಲಾ ನಾಲ್ಕನೇ ಇಯತ್ತೆಗೆ ಬಂದಿದ್ದಳು. ಅಕ್ಕೋರು ಅವರೇ. ದುರಗವ್ವ ಈಗ ಗೌಡರ ಹೆಸರುಕಾಳಿನ ಹೊಲದಲ್ಲಿ ಕಳೆ ತೆಗೆಯಲು ಹೋಗುತ್ತಿದ್ದಳು. ಕೈಗೆ ಮಣ್ಣಿನ ವಾಸನೆ ಬಿಟ್ಟರೆ ಬೇರೇನೂ ಇರಲಿಲ್ಲ.

ಒಂದು ಮುಂಜಾನೆ ಹಣಿಗೆ ಹಿಡಿದು ಕರೆದಳು. “ಬಾರವ್ವಾ ನೀಲಾ, ನಾ ಬಾಚ್ತೀನಿ.”

“ಆಯಿ ಬಾಚ್ತಾಳ,” ಅಂದಳು ನೀಲಾ. ಎರಡು ಹೆಜ್ಜೆ ದೂರವೇ ನಿಂತಿದ್ದಳು.

“ಕೈ ಚಲೋ ಆಗ್ಯಾವ. ನೋಡಿಲ್ಲೆ.”

“ಇರ್ಲಿ ಬಿಡು.”

ಹುಡುಗಿ ಮುನಿಸಿಕೊಂಡಿದ್ದಾಳೆ ಅಂದುಕೊಂಡಳು. “ಆ ಚೀಲಾ ಮನಿಗೆ ತರಬಾರದೇನು? ಇನ್ನ ಅದಕ್ಕೇನ್ ಕೆಲಸ?”

“ಸಾಲ್ಯಾಗ ಐತಿ,” ಅಂತ ನೀಲಾ ಹೊರಟು ಹೋದಳು.

ಜುಲೈಯ ಒಂದು ಶನಿವಾರ ತಾಯಂದಿರ ಸಭೆ ಕರೆದರು. ಮಗುವಿನ ಬೆಳವಣಿಗೆ, ಮನೆ ಮತ್ತು ಶಾಲೆಯ ಜವಾಬ್ದಾರಿ ಅಂತ ಚೀಟಿಯಲ್ಲಿ ಬರೆದಿತ್ತು. ದುರಗವ್ವ ಅರ್ಧ ದಿನದ ಕೂಲಿ ಬಿಟ್ಟು, ಜಳಕ ಮಾಡಿ, ಒಗೆದ ಸೀರೆ ಉಟ್ಟು ಹೋದಳು. ಹೊರಗೆ ಜಿಟಿಜಿಟಿ ಮಳೆ. ಹೆಂಗಸರೆಲ್ಲ ಆಗಲೇ ಬಂದು ಒಳಗೆ ಗೋಡೆಯ ಬದಿಗೆ ಕೂತಿದ್ದರು. ದುರಗವ್ವ ಚಪ್ಪಲಿ ಬಿಡಲು ಬಗ್ಗಿದಳು.

ಎದುರಿಗೇ ಹಸಿರು ಅಂಚು ಕಂಡಿತು.

ಅವಳದೇ ಚೀಲ. ಕೆಂಪು ಹೂವಿನ ಮೇಲೆ ಯಾರದೋ ಕೆಸರು ಚಪ್ಪಲಿ. ಅದರ ಮೇಲೆ ನೀಲಾ ಮೊಣಕಾಲು ಕಟ್ಟಿಕೊಂಡು ಕೂತಿದ್ದಳು. ಸುತ್ತ ನಾಲ್ಕು ಕಡೆಯೂ ಚಪ್ಪಲಿ. ಒಂದು ಮಗುಚಿ ಬಿದ್ದಿತ್ತು. ನೀಲಾ ಅದನ್ನು ನೆಟ್ಟಗೆ ಮಾಡಿ ಜೋಡಿಯ ಪಕ್ಕಕ್ಕೆ ಇಟ್ಟಳು. ಯಾರೂ ಹೇಳಿರಲಿಲ್ಲ. ರೂಢಿಯ ಕೈ ಅದು.

ತಾಯಿಯನ್ನು ನೋಡಿ ಹುಡುಗಿ ತಲೆ ತಗ್ಗಿಸಿದಳು. ಸಿಕ್ಕಿಬಿದ್ದವಳ ಹಾಗೆ.

ದುರಗವ್ವ ಒಳಗೆ ನೋಡಿದಳು. ಮಕ್ಕಳು ಜಮಖಾನೆಯ ಮೇಲೆ ಸಾಲಾಗಿ ಕೂತಿದ್ದರು. ಗೌಡರ ತಮ್ಮನ ಮಗ ಮುಂದೆ. ಅವರ ಮನೆಯ ಪಡಸಾಲೆಯಲ್ಲಿ ವರ್ಷವಿಡೀ ಮೆಣಸಿನಕಾಯಿ ಚೀಲಗಳ ಥಪ್ಪಿ ಇರುತ್ತದೆ. ಎರಡನೇ ಸಾಲಿನಲ್ಲಿ ಮಮತಾ. ರೇಣುಕವ್ವನ ಮಗಳು. ಅವಳ ಪಕ್ಕದ ಹುಡುಗಿ ಅವಳ ಹೆಗಲ ಮೇಲೆ ಕೈ ಹಾಕಿದ್ದಳು.

ದುರಗವ್ವನ ತಲೆಯೊಳಗೆ ಒಂದೊಂದೇ ಕಾಯಿಯ ತುಂಬು ಬಿಡಿಸಿದಂತೆ ಲೆಕ್ಕ ಬಿಡಿಸಿಕೊಂಡಿತು. ಒಂದೇ ಕಣ. ಒಂದೇ ರಾಶಿ. ಒಂದೇ ಖಾರ. ಮಮತಾ ಜಮಖಾನೆಯ ಮೇಲೆ. ಈಗ ಮಳೆಗಾಲ, ಊರಲ್ಲಿ ಎಲ್ಲೂ ತುಂಬು ಬಿಡಿಸುತ್ತಿಲ್ಲ. ನೀಲಾ ಚಪ್ಪಲಿಯ ನಡುವೆ.

ಘಾಟು ಮೆಣಸಿನಕಾಯಿಯದಾಗಿರಲಿಲ್ಲ.

ಅವಳು ಒಳಗೆ ಹೋಗಿ ಎಲ್ಲರಿಗಿಂತ ಹಿಂದೆ ಕೂತಳು.  ಶಿವಲಕ್ಷ್ಮಿ ಅಕ್ಕೋರು ಒಂದು ಹಾಳೆ ಹಿಡಿದು ಓದುತ್ತಿದ್ದರು.

“ನೋಡ್ರಿ ತಾಯಂದ್ರ, ಮಗುವಿಗೆ ಊಟ ಎಷ್ಟು ಮುಖ್ಯನೋ ತಾಯಿ ಸ್ಪರ್ಶನೂ ಅಷ್ಟ ಮುಖ್ಯ. ದಿನಕ್ಕ ಒಮ್ಮೆರೆ ಮಗುವನ್ನ ಅಪ್ಪಿಕೊಳ್ರಿ. ತಲಿ ನೇವರಸ್ರಿ. ತಾಯಿ ಮುಟ್ಟಲಿಲ್ಲಂದ್ರ ಮಗು ಮಂಕಾಗತೈತಿ, ತೂಕ ಏರಂಗಿಲ್ಲ, ಕಲಿಯಾಕ ಮನಸ್ಸ ಇರಂಗಿಲ್ಲ.”

ಹೆಂಗಸರು ತಲೆ ಆಡಿಸಿದರು. ಯಾರೋ ತಮ್ಮ ಕೂಸನ್ನು ಮಡಿಲಿಗೆ ಎಳೆದುಕೊಂಡರು. ದುರಗವ್ವ ತನ್ನ ಅಂಗೈ ನೋಡಿಕೊಳ್ಳುತ್ತಿದ್ದಳು. ಜನವರಿಯಿಂದ ಜುಲೈ. ಅಕ್ಕೋರ ಈ ಬಾಯಿಯೇ ಅವಳ ಕೈಗೆ ಘಾಟು ಅಂದಿತ್ತು.

ಆಮೇಲೆ ಒಬ್ಬೊಬ್ಬರನ್ನೇ ಕರೆದು ಪ್ರಗತಿ ಕಾರ್ಡಿಗೆ ಸಹಿ ಹಾಕಿಸಿಕೊಂಡರು. “ಬರ್ರಿ ರೇಣುಕವ್ವಾರ, ಸಹಿ ಮಾಡ್ರಿ.” ಗೌಡರ ತಮ್ಮನ ಹೆಂಡತಿಗೆ, “ಕುಂದರ್ರಿ ವೈನಿ.” ಕೊನೆಗೆ, “ದುರಗವ್ವ, ಬಾ.”

ಕಾರ್ಡನ್ನು ಅಕ್ಕೋರು ತಾವೇ ಓದಿದರು. “ತೂಕ ಹೋದ ವರ್ಷಕ್ಕಿಂತ ಏರಿಲ್ಲ. ಯಾರ ಕೂಡಾನೂ ಬೆರೆಯಂಗಿಲ್ಲ, ಮಾತಿಲ್ಲ. ತಲಿ ಬಾಚಿರಂಗಿಲ್ಲ, ಜಡಿ ಒಂದ ಮ್ಯಾಲ ಒಂದ ಕೆಳಗ. ಮನೆಯ ಕಾಳಜಿ ಅನ್ನೋ ಕಡೆ ಸಾಲದು ಅಂತ ಬರದೀನಿ. ಬ್ಯಾಸರ ಮಾಡ್ಕೋಬ್ಯಾಡ. ನೀ ಒಂದೀಟ ಲಕ್ಷ ಕೊಡಬೇಕು ಅಕಿ ಕಡೆ. ಇಲ್ಲೆ ಹೆಸರ ಬರಿ. ಬರೀಲಿಕ್ಕೆ ಬರಲಿಲ್ಲಂದ್ರ ಹೆಬ್ಬಟ್ಟ ಒತ್ತು.”

ದುರಗವ್ವನಿಗೆ ಹೆಸರು ಬರೆಯಲು ಬರುತ್ತಿತ್ತು. ಪೆನ್ನು ತೆಗೆದುಕೊಳ್ಳಲಿಲ್ಲ.

“ಅಕ್ಕೋರ, ಈಗ ಎಲ್ಲಿ ಐತ್ರಿ ಘಾಟು?”

“ಏನು?”

“ಸುಗ್ಗಿ ಮುಗಿಯೂತನಕ ಅಂದಿದ್ರಿ. ಸುಗ್ಗಿ ಮುಗದು ಮುಂಗಾರಿ ಪೀಕ ಮೊಣಕಾಲಿಗೆ ಬಂದೈತಿ. ನನ್ನ ಕೂಸು ಇನ್ನಾ ಚಪ್ಲಿ ಕಾಯಾಕತ್ತೈತಿ.”

ಅಕ್ಕೋರು ದನಿ ತಗ್ಗಿಸಿದರು. “ಎಲ್ಲಾರ ಮುಂದ ಆ ಮಾತು ಬ್ಯಾಡ. ಆಮ್ಯಾಲ ಆಫೀಸಿಗೆ ಬಾ.”

“ಕೂಸಿನ್ನ ಎಲ್ಲಾರ ಮುಂದ ಕುಂದ್ರಸೀರಿ. ಮಾತೂ ಎಲ್ಲಾರ ಮುಂದ ಆಗ್ಲಿ.”

 ದುರಗವ್ವ ತಿರುಗಿ ನೋಡಿದಳು. “ರೇಣುಕಕ್ಕಾ, ನಿನ್ನ ಕೈ ತೋರ್ಸು ಅಕ್ಕೋರಿಗೆ. ನಂದೂ ತೋರಸ್ತೀನಿ. ಯಾವುದರಾಗ ಖಾರ ಹೆಚ್ಚೈತಿ ನೋಡ್ಲಿ.”

ರೇಣುಕವ್ವ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. ಜನವರಿಯಲ್ಲಿ ದುರಗವ್ವ ಎಳೆದುಕೊಂಡ ಹಾಗೆಯೇ.

ಗೌಡರ ತಮ್ಮನ ಹೆಂಡತಿ ಕೂತಲ್ಲಿಂದಲೇ ಅಂದಳು. “ಅಕ್ಕೋರಿಗೆ ಯಾಕ ಬಾಯಿ ಮಾಡ್ತಿ? ಅವರೇನ್ ಮಾಡ್ತಾರ ಪಾಪ. ನಾವ ಹೇಳಿದ್ದು. ನಮ್ಮ ಹುಡುಗ್ರ ನಡಕ ಬ್ಯಾಡ ಅಂತ.”

“ಮೊದಲಿಗೆ ಕೂಸಿಗೆ ದಿನಾ ಜಳಕಾ ಮಾಡ್ಸಿ ಕಳಸಾಕ ಹೇಳ್ರಿ,” ಅಂದಳು ಇನ್ನೊಬ್ಬಳು. ಒಂದಿಬ್ಬರು ನಕ್ಕರು.

“ಹಂಗ ಹೇಳ್ರಿ ಮತ್ತ,” ಅಂದಳು ದುರಗವ್ವ. ದನಿ ಏರಲಿಲ್ಲ. “ಮಾದರ ಹುಡುಗಿ, ನಡಕ ಬ್ಯಾಡ ಅಂತ ಬಾಯಿಬಿಟ್ಟು ಹೇಳಿದ್ರ ನಾ ಅವತ್ತ ಜಗಳಾಡಿ ಹೋಗ್ತಿದ್ದೆ. ಮೆಣಸಿನಕಾಯಿ ಮ್ಯಾಲ ಹಾಕಿದ್ರಿ. ನನ್ನ ಕೈ ಮ್ಯಾಲ ಹಾಕಿದ್ರಿ. ನಾ ನಂಬಿದೆ. ಆರು ತಿಂಗಳ ನನ್ನ ಕೂಸಿನ್ನ ಮುಟ್ಟಿಲ್ಲ. ಅಕಿ ಓಡಿ ಬಂದ್ರ ಹಿಂದ ಸರದೀನಿ. ನೀವು ಮಾಡೂದನ್ನ ನನ್ನ ಕೈಲೆ ಮಾಡಿಸಿದ್ರಿ. ಈಗ ತಾಯಿ ಮುಟ್ಟಬೇಕಂತ ಓದ್ತೀರಿ, ಕಾಳಜಿ ಸಾಲದು ಅಂತ ಬರೀತೀರಿ.”

ಶಿವಲಕ್ಷ್ಮಿ ಅಕ್ಕೋರ ಮುಖ ಬಿಳುಪಾಗಿತ್ತು. ಅವರು ಕೆಟ್ಟವರಾಗಿರಲಿಲ್ಲ. ಹೆರಿಗೆಯಲ್ಲಿ ಯಾರಾದರೂ ನರಳಿದರೆ ತಮ್ಮ ಸ್ಕೂಟಿಯ ಮೇಲೆ ದವಾಖಾನೆಗೆ ಒಯ್ದವರು. ಆದರೆ ಸಿಕ್ಕಿಹಾಕಿಕೊಂಡಾಗ ಅವರ ಕೈಗೆ ಒಂದು ಆಯುಧ ಸಿಕ್ಕಿತು. ಅದನ್ನು ಎತ್ತಿದರು.

“ಒತ್ತಾಯ ಮಾಡಿದ್ವೇನು ನಿನಗ? ನೀನ ಹೊಲದು ಕಳಿಸೀಯಲ್ಲಾ. ಅಂಚು ಹಚ್ಚಿ, ಹೂವ ತಗದು. ಮನಸ್ಸ ಇಲ್ಲದವರು ಇಷ್ಟ ಚಂದ ಹೊಲೀತಾರೇನು?”

ದುರಗವ್ವ ಬಾಗಿಲ ಕಡೆ ತಿರುಗಿ ಚೀಲದ ಅಂಚನ್ನು ನೋಡಿದಳು.  ಉಗುರು ಉರಿಯುತ್ತ ಹಾಕಿದ ಒಂದೊಂದು ಹೊಲಿಗೆಯೂ ಕಣ್ಣ ಮುಂದೆ ಬಂತು. ಮಗಳ ತೊಡೆಗೆ ಚುಚ್ಚಬಾರದೆಂದು ಹಾಕಿದ ಹೊಲಿಗೆ.

“ಹೌದ್ರಿ,” ಅಂದಳು. “ನಾನ ಹೊಲದೆ. ಅದು ನನ್ನ ತಪ್ಪು.”

ಬಾಗಿಲಿಗೆ ನಡೆದಳು. ಹೂವಿನ ಮೇಲಿನ ಚಪ್ಪಲಿಯನ್ನು ಕಾಲಿನಿಂದ ಸರಿಸಿದಳು. ನೀಲಾಳ ರಟ್ಟೆ ಹಿಡಿದಳು. ಹುಡುಗಿ ಬೆಚ್ಚಿಬಿದ್ದಳು. ಅವ್ವ ಮುಟ್ಟಿದ್ದಕ್ಕೆ ಬೆಚ್ಚಿದಳು.

“ಏಳವ್ವಾ.”

ಎರಡನೇ ಸಾಲಿಗೆ ಕರೆದುಕೊಂಡು ಹೋಗಿ ಮಮತಾಳ ಪಕ್ಕದಲ್ಲಿ ಜಮಖಾನೆಯ ಮೇಲೆ ಕೂರಿಸಿದಳು. ಒಂದು ಹುಡುಗ ಸರಿದು ಕೂತ. ಮಮತಾ ತಾಯಿಯ ಮುಖ ನೋಡಿದಳು. ಆಮೇಲೆ ದುರಗವ್ವ ವಾಪಸು ಬಂದು ಚೀಲ ಎತ್ತಿ ಝಾಡಿಸಿದಳು. ಒಣಗಿದ ಕೆಸರು ಉದುರಿತು. ಅದನ್ನು ಅಕ್ಕೋರ ಮೇಜಿನ ಮುಂದೆ ಹಾಸಿ, ತಾನೇ ಕೂತಳು.

“ಇದು ನಾ ಹೊಲದದ್ದು. ನಾನ ಕುಂದರ್ತೀನಿ. ಕೂಸು ಅ‍ಲ್ಲಿಂದ ಏಳಂಗಿಲ್ಲ. ಸಭಾ ನಡಸ್ರಿ ಅಕ್ಕೋರ. ಸಹಿ ಮಾತ್ರ ಹಾಕಂಗಿಲ್ಲ.”

ಹೆಡ್ ಮಾಸ್ತರ ಪುಂಡಲೀಕಪ್ಪ ಚಟ್ ಚಟ್ ಅಂತ ಓಡಿ ಬಂದರು. ಎಲ್ಲವನ್ನೂ ಕೇಳಿಸಿಕೊಂಡರು. ಹಣೆಯ ಬೆವರು ಒರೆಸಿಕೊಂಡರು. ಇದು ಊರ ಹೊರಗೆ ಹೋದರೆ ಮೊದಲು ತಮ್ಮ ತಲೆಗೇ ಬರುತ್ತದೆ ಅನ್ನುವುದು ಅವರಿಗೆ ಗೊತ್ತಿತ್ತು.

“ಏಳು ತಂಗೀ, ಏಳು. ಇಷ್ಟಕ್ಕೆಲ್ಲಾ ದೊಡ್ಡದ್ ಮಾಡಬಾರದು. ಸೋಮವಾರದಿಂದ ಹಾಜರಿ ನಂಬರ ಪ್ರಕಾರ ಕುಂದ್ರಸೂಣು. ಆತಿಲ್ಲೋ? ಕಾರ್ಡ ನಾ ಬದಲಿ ಮಾಡಸ್ತೀನಿ.”

“ಕಾರ್ಡಿನ್ಯಾಗ ಕಾಳಜಿ ಸಾಲದು ಅಂತ ಬರದಿದ್ದು ಖರೆ ಐತ್ರಿ ಸರ,” ಅಂದಳು ದುರಗವ್ವ. “ಅದನ್ನ ಬದಲಿ ಮಾಡಬ್ಯಾಡ್ರಿ. ನಾ ಕೂಸಿನ್ನ ಯಾಕ ಮುಟ್ಟಿಲ್ಲಂತ ಅದರ ಕೆಳಗ ಬರಸ್ರಿ. ಅವತ್ತ ಸಹಿ ಹಾಕ್ತೀನಿ.”

ಶಾಲೆ ಬಿಟ್ಟ ಮೇಲೆ ತಾಯಿ ಮಗಳು ಮಳೆಯಲ್ಲಿ ನಡೆದರು. ದುರಗವ್ವನ ಕಂಕುಳಲ್ಲಿ ಚೀಲ. ಹಿಂದಿನಿಂದ ರೇಣುಕವ್ವ ಬಿರಬಿರ ಬಂದು ಜೊತೆಯಾದಳು. 

“ನಾ ಹೇಳಬೇಕು ಅಂದಿದ್ದೆವಾ,” ಅಂದಳು. “ಹೇಳಿದ್ರ ನಮ್ಮ ಮಮತಾನ್ನೂ ಹಿಂದ ಹಾಕ್ತಿದ್ರು. ತಂದಿ ಇಲ್ಲದ ಕೂಸು.”

“ಸುಗ್ಗಿ ಪೂರಾ ಬಾಜೂಕ ಕುಂತಿದ್ದಿ ಯಕ್ಕಾ.”

“ಕುಂತಿದ್ನಿ.”

“ಬೊಗಸಿಗೆ ನೀರು ಹೊಯ್ದಿ. ಕಿವಿಗೆ ಒಂದು ಮಾತು ಹೊಯ್ಲಿಲ್ಲ.”

ರೇಣುಕವ್ವ ನಿಂತಳು. ದುರಗವ್ವ ನಿಲ್ಲಲಿಲ್ಲ.

ಸೋಮವಾರ ಗೌಡರ ಹೊಲದ ಬದುವಿಗೆ ಹೋದಾಗ ಆಳುಗಳ ಮುಖ್ಯಸ್ಥ ಹೊನ್ನೇಶ ಅಡ್ಡ ಬಂದ. “ಇವತ್ತ ಮಂದಿ ಹೆಚ್ಚಾಗೇತಿ,” ಅಂದ. ಹೊಲದಲ್ಲಿ ನಾಲ್ಕೇ ಜನ ಬಗ್ಗಿದ್ದರು.  ದುರಗವ್ವ ಕಳೆ ತೆಗೆಯುವ ಕುರುಪಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅಡರಕಟ್ಟಿಯ ಕಡೆ ನಡೆದಳು. ಅಲ್ಲಿ ಉಳ್ಳಾಗಡ್ಡಿ ಹೊಲದಲ್ಲಿ ಕೆಲಸ ಸಿಕ್ಕಿತು. ಹೋಗಿ ಬರುವುದೇ ಅರ್ಧ ದಿನ. ಗೌಡರ ತಮ್ಮನ ಮಗ ಆ ವಾರವೇ ಲಕ್ಷ್ಮೇಶ್ವರದ ಇಂಗ್ಲಿಷ್ ಶಾಲೆಯ ವ್ಯಾನು ಹತ್ತಿದ. ಅವನ ಹಿಂದೆ ಇನ್ನಿಬ್ಬರು ಹತ್ತಿದರು. ಸಾಲೆ ಮುಚ್ಚಿದರೆ ದುರಗವ್ವನಿಂದಲೇ ಮುಚ್ಚುತ್ತದೆ ಅಂತ ಊರು ಮಾತಾಡಿತು.

ಚೀಲದ ಅಂಚನ್ನು ಅವಳು ಬ್ಲೇಡಿನಿಂದ ಬಿಚ್ಚಿದಳು. ಗೋಣಿಯನ್ನು ಕೋಳಿ ಬುಟ್ಟಿಯ ಕೆಳಗೆ ಹಾಕಿದಳು. ಹಸಿರು ಅಂಚನ್ನು ಒಲೆಗೆ ಹಾಕಲು ಹೋದಳು. ಕೈ ಬರಲಿಲ್ಲ. ಅದು ಮತ್ತೆ ಪೆಟ್ಟಿಗೆ ಸೇರಿತು.

ಗುರುವಾರ ಸಂಜೆ ಇನ್ನೂ ಬೆಳಕಿತ್ತು. ದುರಗವ್ವ ಕಟ್ಟೆಯ ಮೇಲೆ ಕೂತು ಹಣಿಗೆ ಹಿಡಿದು ಕಾದಳು. ಕರೆಯಲಿಲ್ಲ. ಮೂರು ದಿನದಿಂದ ಹೀಗೇ ಕಾಯುತ್ತಿದ್ದಳು. ನೀಲಾ ಮೊದಲು ಅಂಗಳದ ಆ ತುದಿಯಲ್ಲಿ ನಿಂತಳು. ಆಮೇಲೆ ಬೇವಿನ ಗಿಡದ ಹತ್ತಿರ. ಆಮೇಲೆ ಬಂದು ಅವ್ವನ ಕಾಲ ನಡುವೆ, ಕೆಳಗಿನ ಮೆಟ್ಟಿಲ ಮೇಲೆ ಕೂತಳು. ಬೆನ್ನು ಬಿಗಿಯಾಗಿತ್ತು. ದುರಗವ್ವ ಜಡೆ ಬಿಚ್ಚಿದಳು. ಸಿಕ್ಕು ಬಿಡಿಸಿದಳು. ಅವಸರ ಮಾಡಲಿಲ್ಲ. ಹಣಿಗೆ ನೆತ್ತಿಯಿಂದ ಬೆನ್ನಿನ ತನಕ ಇಳಿಯಿತು, ಮತ್ತೆ ಇಳಿಯಿತು. ಬಹಳ ಹೊತ್ತಿನ ಮೇಲೆ ಬೆನ್ನು ಹಿಂದಕ್ಕೆ ವಾಲಿತು.

“ಜಮಖಾನಿ ಮ್ಯಾಲ ಕುಂದ್ರಸ್ಯಾರಿಲ್ಲೋ?”

“ಹ್ಞೂಂ.”

“ಯಾರ ಬಾಜೂಕ?”

“ಮಮತಾನ ಬಾಜೂಕ.”

“ಮಾತಾಡ್ತಾಳ ಅಕಿ?”

 ನೀಲಾ ಬಗ್ಗಿ ಮೆಟ್ಟಿಲ ಮೇಲೆ ತನ್ನ ಪುಟ್ಟ ಗೇಣು ಇಟ್ಟಳು. ಹೆಬ್ಬೆರಳಿನಿಂದ ಕಿರುಬೆರಳಿನ ತನಕ.

“ಇಷ್ಟ ಬಿಟ್ಟು ಕುಂದ್ರಬೇಕಂತ. ಜಮಖಾನಿ ಮ್ಯಾಲ ಅಕ್ಕೋರು ಬೋರ್ಡಿಗೆ ಬರಿಯೂ ಖಡೂಲೆ ಗೆರಿ ಹೊಡದಾರ. ನನ್ನ ಈ ಕಡೆ ಒಂದು, ಆ ಕಡೆ ಒಂದು. ಅಳಿಸಿದ್ರ ಮತ್ತ ಹೊಡೀತಾರ.”

ದುರಗವ್ವನ ಕೈಯಲ್ಲಿ ಹಣಿಗೆ ನಿಂತಿತು. ಒಳಗೆ ಫಕ್ಕೀರವ್ವ ಕೆಮ್ಮುತ್ತಿದ್ದಳು. ಹಮಾಲಿ ಗಂಡನಿಗೆ ಐತವಾರದ ತನಕ ಇದು ಗೊತ್ತಾಗುವುದಿಲ್ಲ. ಅಡರಕಟ್ಟಿಯ ಉಳ್ಳಾಗಡ್ಡಿ ಹೊಲಕ್ಕೆ ನಾಳೆ ಹೋಗದಿದ್ದರೆ ಅಲ್ಲೂ ಬೇರೆಯವರು ಬರುತ್ತಾರೆ.

“ಎಷ್ಟ ಜಾಗ? ಇನ್ನೊಮ್ಮೆ ತೋರ್ಸು.”

ನೀಲಾ ಮತ್ತೆ ಗೇಣು ಇಟ್ಟಳು. ದುರಗವ್ವ ಬಗ್ಗಿ ಅದರ ಪಕ್ಕದಲ್ಲಿ ತನ್ನ ಅಂಗೈ ಇಟ್ಟು ನೋಡಿದಳು. ಅಂಗೈ ಗೇಣಿಗೆ ಸರಿಯಾಗಿತ್ತು.

ಮತ್ತೆ ಹಣಿಗೆ ಎತ್ತಿಕೊಂಡಳು. ಬೈತಲೆ ನೆಟ್ಟಗೆ ತೆಗೆದಳು. ಎರಡೂ ಜಡೆ ಒಂದೇ ಎತ್ತರಕ್ಕೆ ಹೆಣೆದಳು, ಬಿಗಿಯಾಗಿ.

“ನಾಳಿ ನಾನೂ ಬರ್ತೀನಿ ಸಾಲಿಗೆ.”

“ಯಾಕಬೇ?”

“ಆ ಗೆರಿ ನಡಕ ಕುಂದ್ರಾಕ.”

ನೀಲಾ ತಿರುಗಿ ಅವ್ವನನ್ನು ಮೇಲಿನಿಂದ ಕೆಳಗೆ ನೋಡಿದಳು.

“ಅಷ್ಟರಾಗ ನೀ ಹಿಡೀತೀಯೇನು?”

“ಹಿಡಿಯಂಗಿಲ್ಲ,” ಅಂದಳು ದುರಗವ್ವ. “ಅವರ ಸರೀಬೇಕು.”